ಅಲಾಸ್ಕಾದ ನದಿಗಳಲ್ಲಿ ಮೀನು ಹಿಡಿಯುವಾಗ ಕರಡಿಯಿಂದ ರಕ್ಷಣೆಗೆ ಯಾವ ಕೋವಿ ಒಯ್ಯಬೇಕು?

ತುಂಗಾತೀರ (ಸಿಯಾಟಲ್)

ಎಲ್ಲರಿಗೂ ನಮಸ್ಕಾರ. ಬರುವ ಜುಲೈ ತಿಂಗಳಿನಲ್ಲಿ ನಾನು, ನನ್ನ ಭಾವ ಮತ್ತು ಇಬ್ಬರು ಗೆಳೆಯರು ಸಾಕೈ ಸಾಲ್ಮನ್ ಹಿಡಿಯುವುದಕ್ಕೆಂದು ಅಲಾಸ್ಕಾದ ಕೀನಾಯ್ ಪರ್ಯಾಯ ದ್ವೀಪಕ್ಕೆ ಹೊರಟಿದ್ದೇವೆ. ಮೊದಲು ಕೂಪರ್ ಲ್ಯಾಂಡಿಂಗ್ ಹತ್ತಿರ ರಷ್ಯನ್ ನದಿಯಲ್ಲಿ ಗಾಳ ಹಾಕಿ, ಆಮೇಲೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಒಂದು ಒಳನಾಡಿನ ಸರೋವರಕ್ಕೆ ಹೋಗಿ, ಅಲ್ಲಿ ಡೇರೆ ಹಾಕಿಕೊಂಡು ಇರುವುದು ನಮ್ಮ ಯೋಜನೆ. ಅದು ಕಂದು ಕರಡಿಗಳ ಸೀಮೆ ಎಂಬುದು ಗೊತ್ತಿದೆ. ಭಾವನವರು ಒಂದು .44 ಮ್ಯಾಗ್ನಮ್ ರಿವಾಲ್ವರ್ ಕೊಳ್ಳಬೇಕೆಂದು ಪಟ್ಟು ಹಿಡಿದಿದ್ದಾರೆ. ಗೆಳೆಯರಲ್ಲಿ ಒಬ್ಬರು ಶಾಟ್‌ಗನ್ನೇ ಸರಿ ಎನ್ನುತ್ತಾರೆ. ನನಗೋ ಬೇರ್ ಸ್ಪ್ರೇ (ಕರಡಿಯನ್ನು ಓಡಿಸಲು ಸಿಂಪಡಿಸುವ ಮೆಣಸಿನ ದ್ರಾವಣ) ಸಾಕೇನೋ ಎಂಬ ಅನುಮಾನ. ನಮ್ಮಲ್ಲಿ ಯಾರೂ ಕೋವಿ ಹಿಡಿದು ಬೆಳೆದವರಲ್ಲ. ಭಾವ ಮಾತ್ರ ಆಗಾಗ ಗುಂಡು ಹಾರಿಸುವ ತಾಣಕ್ಕೆ ಹೋಗುತ್ತಾರೆ. ಅವರಿಗೆ ಗ್ರೀನ್ ಕಾರ್ಡ್ ಇದೆ, ನಾನು ಮತ್ತು ಗೆಳೆಯರು ಎಚ್‌-1ಬಿ ವೀಸಾದಲ್ಲಿ ಇದ್ದೇವೆ. ಅಲ್ಲಿ ಇದ್ದು ಬಂದವರು, ಕೋವಿಯ ವಿಷಯ ಬಲ್ಲವರು ದಯವಿಟ್ಟು ತಿಳಿಸಿ.

ಕಾನೂನುಪ್ರಿಯ (ಡಲ್ಲಾಸ್)

ಯಾವ ಕೋವಿ ಎಂಬ ಚರ್ಚೆಗೆ ಮೊದಲು ಯಾರ ಕೈಯಲ್ಲಿ ಕೋವಿ ಎಂಬುದು ಇತ್ಯರ್ಥವಾಗಬೇಕು. ಎಚ್‌-1ಬಿ, ಎಲ್‌-1, ಎಫ್‌-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದಿರುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಇದಕ್ಕೆ ಇರುವ ವಿನಾಯಿತಿಗಳಲ್ಲಿ ನಿಮಗೆ ಅನ್ವಯಿಸಬಹುದಾದದ್ದು ಒಂದೇ: ಯಾವುದಾದರೂ ಒಂದು ರಾಜ್ಯ ನ್ಯಾಯಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆಯ ಪರವಾನಗಿ ನಿಮ್ಮ ಹೆಸರಿನಲ್ಲಿ ಇರಬೇಕು. ನೀವು ಹೇಗಿದ್ದರೂ ತೆಗೆದುಕೊಳ್ಳುವ ಮೀನುಗಾರಿಕೆಯ ಪರವಾನಗಿ ಇದಕ್ಕೆ ಲೆಕ್ಕಕ್ಕಿಲ್ಲ. ಕೊಂಡುಕೊಂಡರೆ ಮಾತ್ರ ತಪ್ಪು, ಭಾವನದನ್ನು ಒಂದು ಗಳಿಗೆ ಹಿಡಿದುಕೊಂಡರೆ ತಪ್ಪಿಲ್ಲ ಎಂದು ಅನೇಕರು ಭಾವಿಸಿದ್ದಾರೆ. ಕಾನೂನು ಆಕ್ಷೇಪಿಸುವುದು ಸ್ವಾಧೀನವನ್ನೇ. ಗರಿಷ್ಠ ಶಿಕ್ಷೆ 15 ವರ್ಷಗಳ ಸೆರೆವಾಸ, ಅದರ ಮೇಲೆ ಗಡೀಪಾರಿನ ಭಯ ಬೇರೆ. ಗ್ರೀನ್ ಕಾರ್ಡ್ ಇರುವ ನಿಮ್ಮ ಭಾವನವರಿಗೆ ಈ ಅಡ್ಡಿ ಇಲ್ಲ.

ಇನ್ನೊಂದು ಮಾತು. ಅಲಾಸ್ಕಾಕ್ಕೆ ಹೋಗಿ ಇಳಿದ ಮೇಲೆ ಅಂಗಡಿಯಲ್ಲಿ ಕೊಂಡರಾಯಿತು ಎಂದು ಭಾವನವರು ಯೋಚಿಸಿದ್ದರೆ, ರಿವಾಲ್ವರ್ ಮತ್ತು ಪಿಸ್ತೂಲುಗಳನ್ನು ವಾಸವಿರುವ ರಾಜ್ಯದ ವ್ಯಾಪಾರಿಯ ಮೂಲಕವೇ ಪಡೆಯಬೇಕು ಎಂಬುದು ನೆನಪಿರಲಿ. ರೈಫಲ್ ಅಥವಾ ಶಾಟ್‌ಗನ್ ಆದರೆ, ಎರಡೂ ರಾಜ್ಯಗಳ ಕಾನೂನಿಗೆ ಹೊಂದುವುದಾದರೆ, ಬೇರೆ ರಾಜ್ಯದ ಪರವಾನಗಿ ಪಡೆದ ಅಂಗಡಿಯಲ್ಲೂ ಕೊಳ್ಳಬಹುದು. ನಾನು ವಕೀಲನಲ್ಲ, ವೀಸಾದ ವಿಷಯವಾದ್ದರಿಂದ ಒಬ್ಬ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಆಂಕರೇಜ್‌ವಾಸಿ (ಆಂಕರೇಜ್)

ತುಂಗಾತೀರ ಅವರೇ, ನೀವು ಎರಡು ಬೇರೆ ಬೇರೆ ಜಾಗಗಳನ್ನು ಒಂದೇ ಪ್ರಶ್ನೆಯಲ್ಲಿ ಸೇರಿಸಿದ್ದೀರಿ. ಅವೆರಡಕ್ಕೂ ಉತ್ತರ ಒಂದೇ ಅಲ್ಲ.

ರಷ್ಯನ್ ನದಿಗೆ ಸಾಕೈ ಎರಡು ಸಲ ಏರಿ ಬರುತ್ತದೆ, ಒಮ್ಮೆ ಜೂನ್‌ನಲ್ಲಿ, ಮತ್ತೊಮ್ಮೆ ಜುಲೈ ಮಧ್ಯದ ಹೊತ್ತಿಗೆ. ಆ ದಿನಗಳಲ್ಲಿ ಅದು ಕೀನಾಯ್ ನದಿಯನ್ನು ಸೇರುವಲ್ಲಿ ಜನ ಹೆಗಲಿಗೆ ಹೆಗಲು ತಾಗುವಂತೆ ನಿಂತಿರುತ್ತಾರೆ. ಈ ದಡದಲ್ಲಿ ಒಂದು ಸಾಲು, ನೀರಿನ ಆಚೆಗೆ ಇನ್ನೊಂದು ಸಾಲು, ನಡುವೆ ಪ್ರವಾಹದ ಬಲದಿಂದಲೇ ತಂತಿ ಹಿಡಿದು ಸಾಗುವ ದೋಣಿಯಲ್ಲಿ ಮತ್ತಷ್ಟು ಮಂದಿ. ಕರಡಿಯೂ ಅಲ್ಲಿಗೇ ಬರುತ್ತದೆ, ಏಕೆಂದರೆ ಮೀನು ಅಲ್ಲೇ ಇದೆ. ಆ ಗದ್ದಲದಲ್ಲಿ ಒಬ್ಬರು .44 ತೆಗೆದು ಓಡಿ ಬರುತ್ತಿರುವ ಪ್ರಾಣಿಯ ಕಡೆಗೆ ಗುಂಡು ಹಾರಿಸಿದರೆ, ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ. ದಡದಲ್ಲಿರುವುದು ನುಣುಪಾದ ಗುಂಡುಕಲ್ಲುಗಳು. ಅವುಗಳಿಗೆ ಬಡಿದ ಗುಂಡು ಎತ್ತ ಸಿಡಿಯುತ್ತದೆಂದು ಹೇಳಲು ಬಾರದು. ಅಲ್ಲಿಗೆ ಸ್ಪ್ರೇ ಸಾಕು ಮಾತ್ರವಲ್ಲ, ಸ್ಪ್ರೇಯೇ ಸರಿ.

ಅದಕ್ಕಿಂತ ಮುಖ್ಯವಾದದ್ದು ಮೀನನ್ನು ಹೇಗೆ ಇಟ್ಟುಕೊಳ್ಳುತ್ತೀರಿ ಎಂಬುದು. ಅಲ್ಲಿ ಚೀಲ, ತಿಂಡಿ, ಸಾಮಾನುಗಳನ್ನು ಕೈಗೆಟಕುವಷ್ಟು, ಎಂದರೆ 3 ಅಡಿಯೊಳಗೆ, ಹಿಡಿದ ಮೀನನ್ನು 12 ಅಡಿಯೊಳಗೆ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಹಿಂದೆ ಜನ ಚೀಲವನ್ನು ಮರದ ಬುಡದಲ್ಲಿಟ್ಟು ನೀರಿಗಿಳಿಯುತ್ತಿದ್ದರು. ಚೀಲ ಎಂದರೆ ಬುತ್ತಿ ಎಂಬುದನ್ನು ಕರಡಿಗಳು ಬೇಗ ಕಲಿತವು. ಮೀನು ಕೊಯ್ದರೆ ಅದರ ಮೂಳೆ, ಕರುಳುಗಳನ್ನು ದಡದ ನಿಂತ ನೀರಿನಲ್ಲಿ ಬಿಡಬೇಡಿ. ಸಣ್ಣದಾಗಿ ತುಂಡರಿಸಿ ನಡುಪ್ರವಾಹಕ್ಕೆ ಎಸೆಯಿರಿ, ಇಲ್ಲವೇ ಇಡೀ ಮೀನನ್ನು ಹಾಗೆಯೇ ಹೊತ್ತೊಯ್ಯಿರಿ. ಗಾಳಕ್ಕೆ ಸಾಲ್ಮನ್ ಕಚ್ಚಿ ನೀರು ಚಿಮ್ಮಿಸುತ್ತಿರುವಾಗ ಕರಡಿ ಕಾಣಿಸಿಕೊಂಡರೆ ದಾರವನ್ನು ಕತ್ತರಿಸಿಬಿಡಿ. ಆ ಸದ್ದು ಅದಕ್ಕೆ ಊಟದ ಕರೆ. ಅಷ್ಟು ದೂರ ಬಂದು ಸಿಕ್ಕ ಮೀನನ್ನು ಬಿಡಲು ಮನಸ್ಸು ಬಾರದೆ ಎಳೆಯುತ್ತಲೇ ನಿಲ್ಲುವವರನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ.

ಸರೋವರದ ಡೇರೆಯದು ಬೇರೆ ಮಾತು. ಅಲ್ಲಿ ನೀವು ನಾಲ್ವರೇ. ಅಲ್ಲಿಗೆ ಕೋವಿ ಒಯ್ಯುವುದನ್ನು ನಾನು ತಪ್ಪೆನ್ನುವುದಿಲ್ಲ.

ಕಾಫಿಗಿಡ (ಕೊಲರಾಡೊ)

ನಾನು ಕೊಡಗಿನವನು. ನಮ್ಮಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಭೂಮಿ ಹೊಂದಿದವರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲಿ ಬೆಳೆದೆನೆಂಬ ಕಾರಣಕ್ಕೆ ಕೋವಿಯ ಪರ ವಾದಿಸುತ್ತೇನೆಂದು ಯಾರೂ ತಿಳಿಯಬೇಡಿ. ಕೋವಿಯನ್ನು ಬಲ್ಲವನು ಅದರಿಂದ ಏನಾಗದು ಎಂಬುದನ್ನೂ ಬಲ್ಲ.

ಕಂದು ಕರಡಿಯನ್ನು ಕೊಲ್ಲುವುದು ಮತ್ತು ಓಡಿ ಬರುತ್ತಿರುವ ಕಂದು ಕರಡಿಯನ್ನು ನಿಲ್ಲಿಸುವುದು ಬೇರೆ ಬೇರೆ ಕೆಲಸಗಳು. ಎದೆಗೆ ಸರಿಯಾಗಿ ಗುಂಡು ತಗುಲಿದ ಕರಡಿ ಸಾಯುವ ಮೊದಲು ನಿಮ್ಮ ಮೇಲೆ ಬೀಳುವಷ್ಟು ಸಮಯ ಅದಕ್ಕೆ ಇರುತ್ತದೆ. ನಿಲ್ಲಬೇಕಾದರೆ ಮಿದುಳಿಗೋ ಬೆನ್ನುಹುರಿಗೋ ತಾಗಬೇಕು, ಇಲ್ಲವೇ ಭುಜದ ಮೂಳೆ ಮುರಿಯಬೇಕು. ಆದ್ದರಿಂದ ಗುಂಡು ಅರಳಿಕೊಳ್ಳುವುದಕ್ಕಿಂತ ಆಳಕ್ಕೆ ಇಳಿಯುವುದು ಮುಖ್ಯ. ಮನುಷ್ಯರಿಂದ ಆತ್ಮರಕ್ಷಣೆಗೆಂದು ಮಾರುವ, ಮೂತಿಯಲ್ಲಿ ಕುಳಿ ಇರುವ ಗುಂಡುಗಳು ಇಲ್ಲಿ ಕೆಲಸಕ್ಕೆ ಬಾರವು. ಗಟ್ಟಿ ಸೀಸದ, ಚಪ್ಪಟೆ ಮೂತಿಯ, ಭಾರವಾದ ಗುಂಡು ಬೇಕು.

ಬಲದ ಲೆಕ್ಕದಲ್ಲಿ ಉದ್ದ ನಳಿಗೆಯ ಕೋವಿಗೆ ಸಾಟಿಯಿಲ್ಲ. ಅಮೆರಿಕದ ಅರಣ್ಯ ಸೇವೆ 1983ರಲ್ಲಿ ಅಲಾಸ್ಕಾದಲ್ಲಿ ಕೆಲಸ ಮಾಡುವ ತನ್ನ ಸಿಬ್ಬಂದಿಗಾಗಿ ಹತ್ತಿರದ ದೂರದಲ್ಲಿ ಹಲವು ಗುಂಡುಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿತ್ತು, ಅದರಲ್ಲಿ ಮುಂದಿದ್ದವು .458 ವಿಂಚೆಸ್ಟರ್ ಮತ್ತು .375 ಎಚ್ ಅಂಡ್ ಎಚ್‌ನಂತಹ ದೊಡ್ಡ ರೈಫಲ್‌ಗಳು. 1906ರಿಂದ ಬಳಕೆಯಲ್ಲಿರುವ ಸಾಧಾರಣ .30-06 ಕೂಡ 220 ಗ್ರೇನ್ (ಸುಮಾರು 14 ಗ್ರಾಂ) ತೂಕದ ಗುಂಡಿನೊಂದಿಗೆ ಮರ್ಯಾದೆ ಉಳಿಸಿಕೊಂಡಿತ್ತು. ಮಾರ್ಲಿನ್‌ನ .45-70 ಲಿವರ್ ರೈಫಲ್ ಅಲಾಸ್ಕಾದ ಗೈಡ್‌ಗಳ ಕೈಯಲ್ಲಿ ಕಾಣಸಿಗುವುದು ಅದು ಗಿಡ್ಡವಾಗಿದ್ದು, ಭಾರಿ ಗುಂಡನ್ನು ಹಾರಿಸುತ್ತದೆ ಎಂಬ ಕಾರಣಕ್ಕೆ.

ಶಾಟ್‌ಗನ್ ಒಯ್ಯುವುದಾದರೆ 12 ಬೋರಿನ ಪಂಪ್ ಕೋವಿ, ರೆಮಿಂಗ್ಟನ್ 870 ಅಥವಾ ಮಾಸ್‌ಬರ್ಗ್ 500 ಸಾಕು. ಚರೆ ತೋಟೆ ಬೇಡವೇ ಬೇಡ, ದಪ್ಪ ಚರೆಯೂ ಬೇಡ. ಬ್ರೆನೆಕೆಯಂತಹ ಗಟ್ಟಿಯಾದ ಒಂಟಿ ಗುಂಡಿನ ತೋಟೆ ಹಾಕಿ. ಗಾಬರಿಯಲ್ಲಿ ಪಂಪನ್ನು ಅರ್ಧಕ್ಕೇ ಎಳೆದು ಮುಂದೆ ತಳ್ಳುವುದು ಹೊಸಬರಿಗೆಲ್ಲ ಆಗುತ್ತದೆ. ಆಗ ಖಾಲಿ ತೋಟೆ ಪೂರ್ತಿ ಹೊರಗೆ ಬೀಳುವುದಿಲ್ಲ, ಹೊಸದು ಒಳಗೆ ಕೂರುವುದಿಲ್ಲ, ಎರಡೂ ಬಾಯಲ್ಲಿ ಕಚ್ಚಿಕೊಂಡು ಕೋವಿ ಬರಿಯ ದೊಣ್ಣೆಯಾಗುತ್ತದೆ. ಇದನ್ನು ಗುಂಡು ಹಾರಿಸುವ ತಾಣದ ಮೇಜಿನ ಮುಂದೆ ನಿಂತು ಅಲ್ಲ, ಉಸಿರು ಏರುವಂತೆ ಸ್ವಲ್ಪ ಓಡಿ ಬಂದು ಅಭ್ಯಾಸ ಮಾಡಬೇಕು.

ಇನ್ನು ಭಾವನವರ .44. ಗುಂಡಿನ ಬಗ್ಗೆ ನನ್ನ ತಕರಾರಿಲ್ಲ. 1955ರಿಂದ ಅದು ಈ ಕೆಲಸಕ್ಕೆ ಪರಿಚಿತ. ಆದರೆ ಹೊರಲು ಹಗುರವೆಂದು ಸ್ಮಿತ್ ಅಂಡ್ ವೆಸನ್ ಕಂಪನಿಯ 329ಪಿಡಿಯಂತಹ ಮಿಶ್ರಲೋಹದ ರಿವಾಲ್ವರ್ ಕೊಳ್ಳದಿರಲಿ. ಮುಕ್ಕಾಲು ಕಿಲೋಗೂ ಕಡಿಮೆ ತೂಕದ ಕೈಕೋವಿಯಿಂದ ಪೂರ್ಣ ಬಲದ .44 ಹೊಡೆದರೆ ಅಂಗೈ ಉರಿದು, ಎರಡನೆಯ ಈಡಿಗೆ ಕಣ್ಣು ತಾನಾಗಿ ಮುಚ್ಚುತ್ತದೆ. ಅದೇ ಕಂಪನಿಯ ಉಕ್ಕಿನ 629 ಸುಮಾರು 1.2 ಕಿಲೋ ತೂಗುತ್ತದೆ, ಅದರ ಒದೆತ ತಡೆದುಕೊಳ್ಳಬಹುದು. .454 ಕಸುಲ್, .500 ಸ್ಮಿತ್ ಅಂಡ್ ವೆಸನ್ ಇತ್ಯಾದಿಗಳ ಗೊಡವೆಗೆ ಹೋಗಬೇಡಿ. ಅವು ವರ್ಷಗಟ್ಟಲೆ ಕೈ ಪಳಗಿಸಿದವರಿಗೆ.

ಈಗ ಅನೇಕರು ಗ್ಲಾಕ್ 20 ಎಂಬ 10 ಎಂಎಂ ಪಿಸ್ತೂಲಿಗೆ ಹೊರಳಿದ್ದಾರೆ. 10 ಎಂಎಂ ಗುಂಡು .44ರಷ್ಟು ಬಲವುಳ್ಳದ್ದಲ್ಲ, ಆದರೆ 15 ತೋಟೆ ಹಿಡಿಯುತ್ತದೆ, ಒದೆತ ಕಡಿಮೆ, ಬೇಗ ಗುರಿಗೆ ಮರಳುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ನಾಯಿಬಂಡಿಯಲ್ಲಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ದಳದವರು ಹಿಮಕರಡಿಯ ಭಯಕ್ಕೆ ಒಯ್ಯುವುದು ಇದನ್ನೇ. ಇದರ ಒಂದು ದೋಷ ಹೇಳಲೇಬೇಕು: ಕರಡಿ ಮೈಮೇಲೆ ಬಿದ್ದಾಗ ಪಿಸ್ತೂಲಿನ ಮೂತಿ ಅದರ ಮೈಗೆ ಒತ್ತಿದರೆ ಮೇಲಿನ ಜಾರುಭಾಗ ಹಿಂದೆ ಸರಿದು ಕುದುರೆ ಎಳೆದರೂ ಈಡು ಹಾರದಿರಬಹುದು. ರಿವಾಲ್ವರಿಗೆ ಈ ತೊಂದರೆ ಇಲ್ಲ.

ಅಂಕಿಸಂಖ್ಯೆ (ಬೆಂಗಳೂರು)

ಕಾಫಿಗಿಡ ಅವರ ವಿವರಣೆ ಬಹಳ ಉಪಯುಕ್ತವಾಗಿದೆ. ಆದರೂ ಗುಂಡಿನ ತೂಕದ ಚರ್ಚೆಯಲ್ಲಿ ಮೂಲ ಪ್ರಶ್ನೆ ಕಳೆದುಹೋಗಬಾರದು. ಅಲಾಸ್ಕಾದಲ್ಲಿ ನಡೆದ ಘಟನೆಗಳನ್ನು ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಕಲೆಹಾಕಿ ಎರಡು ಅಧ್ಯಯನಗಳನ್ನು ಪ್ರಕಟಿಸಿದ್ದಾರೆ. 2008ರದ್ದು ಸ್ಪ್ರೇ ಕುರಿತದ್ದು: 1985ರಿಂದ 2006ರವರೆಗಿನ 83 ಘಟನೆಗಳಲ್ಲಿ ಕಂದು ಕರಡಿಯ ಉಪದ್ರವ ಶೇಕಡಾ 92ರಷ್ಟು ಸಲ ನಿಂತಿತು, ಸ್ಪ್ರೇ ಒಯ್ದವರಲ್ಲಿ ಶೇಕಡಾ 98 ಮಂದಿಗೆ ಗಾಯವಾಗಲಿಲ್ಲ. 2012ರದ್ದು ಕೋವಿ ಕುರಿತದ್ದು: 1883ರಿಂದ 2009ರವರೆಗಿನ 269 ಘಟನೆಗಳು, ಕೈಕೋವಿಗಳು ಶೇಕಡಾ 84, ಉದ್ದ ಕೋವಿಗಳು ಶೇಕಡಾ 76ರಷ್ಟು ಸಲ ಕೆಲಸ ಮಾಡಿದವು. ಎಂದರೆ ಬಲಶಾಲಿಯಾದ ಉದ್ದ ಕೋವಿ ಪುಟ್ಟ ಕೈಕೋವಿಗಿಂತ ಹಿಂದೆ ಬಿತ್ತು.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಕೋವಿ ಏಕೆ ಸೋತಿತು ಎಂಬ ಪಟ್ಟಿ. ತೆಗೆಯಲು ಸಮಯ ಸಾಲದ್ದು, ತೆಗೆದರೂ ಬಳಸದೆ ಹೋದದ್ದು, ಕೋವಿ ಸಿಕ್ಕಿಕೊಂಡದ್ದು, ಸುರಕ್ಷಾ ಕೀಲಿ ತೆಗೆಯಲು ಮರೆತದ್ದು, ಗುರಿ ತಪ್ಪಿದ್ದು. ಗುಂಡಿನ ಬಲ ಸಾಲದ್ದೇ ಪ್ರಧಾನ ಕಾರಣವಾಗಿ ಎಲ್ಲೂ ಎದ್ದು ಕಾಣುವುದಿಲ್ಲ. ಕರಡಿ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. 30 ಮೀಟರ್ ದೂರದ ಪೊದೆಯಿಂದ ಹೊರಬಂದರೆ ನಿಮಗೆ ಇರುವುದು ಎರಡು ಸೆಕೆಂಡು.

ಕಾಫಿಗಿಡ (ಕೊಲರಾಡೊ)

ಆ ಎರಡು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ಸ್ಪ್ರೇ 92, ಕೋವಿ 84 ಎಂದು ಅಂಕ ಹಾಕುವುದು ನ್ಯಾಯವಲ್ಲ. ಸ್ಪ್ರೇ ಘಟನೆಗಳಲ್ಲಿ ಕುತೂಹಲದಿಂದ ಹತ್ತಿರ ಬಂದ, ಊಟದ ವಾಸನೆಗೆ ಸುಳಿದಾಡುತ್ತಿದ್ದ ಕರಡಿಗಳೂ ಗಣನೀಯವಾಗಿ ಸೇರಿವೆ. ಕೋವಿಯ ಘಟನೆಗಳು ದಾಖಲಾಗುವುದು ಬಹುಪಾಲು ಯಾರೋ ಗಾಯಗೊಂಡಾಗ ಅಥವಾ ಕರಡಿ ಸತ್ತಾಗ. ಆಕಾಶಕ್ಕೆ ಒಂದು ಈಡು ಹೊಡೆದು ಕರಡಿ ಓಡಿಹೋದದ್ದನ್ನು ಯಾರು ಹೋಗಿ ಬರೆಸುತ್ತಾರೆ? ಒಂದೇ ಪರಿಸ್ಥಿತಿಯಲ್ಲಿ ಎರಡನ್ನೂ ತೂಗಿ ನೋಡಿದ ಲೆಕ್ಕ ಅದಲ್ಲ.

ಅಂಕಿಸಂಖ್ಯೆ (ಬೆಂಗಳೂರು)

ಒಪ್ಪುತ್ತೇನೆ, ಅವೆರಡನ್ನು ನೇರವಾಗಿ ಹೋಲಿಸಲಾಗದು. ಆದರೆ 2012ರ ಅಧ್ಯಯನದ ಒಳಗೇ ಇರುವ ಒಂದು ಹೋಲಿಕೆಗೆ ಈ ಆಕ್ಷೇಪ ಅಷ್ಟಾಗಿ ತಾಗುವುದಿಲ್ಲ. ಕೈಯಲ್ಲಿ ಕೋವಿ ಇದ್ದೂ ಬಳಸದವರು ಮತ್ತು ಬಳಸಿದವರು, ಈ ಇಬ್ಬರ ನಡುವೆ ಗಾಯಗೊಂಡವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಕೋವಿ ನಿಷ್ಪ್ರಯೋಜಕ ಎಂದು ನಾನು ಇದರಿಂದ ತೀರ್ಮಾನಿಸುವುದಿಲ್ಲ. ಪಳಗಿದ ಕೈಗೂ ಪಳಗದ ಕೈಗೂ ಇರುವ ಅಂತರ, ಒಂದು ಬೋರಿಗೂ ಇನ್ನೊಂದು ಬೋರಿಗೂ ಇರುವ ಅಂತರಕ್ಕಿಂತ ದೊಡ್ಡದು ಎಂಬಷ್ಟನ್ನು ಮಾತ್ರ ಹೇಳಬಹುದು. ತುಂಗಾತೀರ ಅವರ ತಂಡದಲ್ಲಿ ಪಳಗಿದ ಕೈ ಒಂದೂ ಇಲ್ಲ.

ರಾಕಿ ಪರ್ವತ (ಕ್ಯಾಲ್ಗರಿ)

ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಕೆನಡಾದ ಗಡಿಯ ವಿಷಯ ತಿಳಿದಿರಲಿ. ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ರಸ್ತೆ ಇರುವುದು ನಮ್ಮ ದೇಶದ ಮೂಲಕವೇ, ಮತ್ತು ಇಲ್ಲಿಗೆ ರಿವಾಲ್ವರ್ ಅಥವಾ ಪಿಸ್ತೂಲನ್ನು ಕರಡಿಯ ಕಾರಣ ಹೇಳಿ ತರಲು ಬಿಡುವುದಿಲ್ಲ. ಮಾಮೂಲಿ ಬೇಟೆಯ ರೈಫಲ್ ಅಥವಾ ಶಾಟ್‌ಗನ್ ಆದರೆ ಗಡಿಯಲ್ಲಿ ಘೋಷಣಾ ಪತ್ರ ತುಂಬಿ, ಶುಲ್ಕ ಕಟ್ಟಿ ತರಬಹುದು. ಮುಚ್ಚಿಟ್ಟು ತಂದರೆ ಕೋವಿಯ ಜೊತೆಗೆ ಕಾರೂ ಹೋದೀತು. ವಿಮಾನದಲ್ಲಿ ಹೋಗುವವರೂ ವ್ಯಾಂಕೂವರ್‌ನಲ್ಲಿ ಬದಲಾಯಿಸುವ ಟಿಕೆಟ್ ತೆಗೆದುಕೊಳ್ಳಬೇಡಿ, ನೇರ ಆಂಕರೇಜ್‌ಗೆ ಹೋಗಿ. ಸ್ಪ್ರೇ ಡಬ್ಬಿಯ ಮೇಲೆ ಪ್ರಾಣಿಗಳಿಗಾಗಿ ಎಂದು ಅಚ್ಚಾಗಿದ್ದರೆ ಅದನ್ನು ಗಡಿಯಲ್ಲಿ ಬಿಡುತ್ತಾರೆ. ಮನುಷ್ಯರ ಮೇಲೆ ಬಳಸುವ ಪುಟ್ಟ ಮೆಣಸಿನ ಸ್ಪ್ರೇ ಇಲ್ಲಿ ನಿಷಿದ್ಧ.

ನಮ್ಮ ಬಾನ್ಫ್, ಜಾಸ್ಪರ್ ಉದ್ಯಾನಗಳಲ್ಲಿ ಸಾಮಾನ್ಯರು ಕೋವಿ ಹೊರುವಂತಿಲ್ಲ. ಗ್ರಿಜ್ಲಿ ಎಂಬ ಕಂದು ಕರಡಿಗಳಿರುವ ಆ ಕಾಡುಗಳಲ್ಲಿ ನಾವೆಲ್ಲ ಸ್ಪ್ರೇ ಹಿಡಿದೇ ನಡೆಯುತ್ತೇವೆ.

ಕಲ್ಲುಬಂಡೆ (ಹೊಸಪೇಟೆ)

ಚರ್ಚೆ ಅಲಾಸ್ಕಾದ್ದು, ಆದರೂ ದರೋಜಿ ಕರಡಿಧಾಮದ ಪಕ್ಕದವನಾಗಿ ಒಂದು ಮಾತು. ನಮ್ಮ ಕರಡಿ ಗೆದ್ದಲು, ಜೇನು, ಹಣ್ಣು ತಿನ್ನುವ ಪ್ರಾಣಿ. ಗಾತ್ರದಲ್ಲಿ ಅಲಾಸ್ಕಾದ ಗಂಡು ಕರಡಿಯ ಮೂರನೆಯ ಒಂದು ಭಾಗವೂ ಇಲ್ಲ. ಹಾಗಿದ್ದೂ ಬೆಳಗಿನ ಜಾವ ಹೊಲಕ್ಕೆ ಹೋದವರ ಮೇಲೆ ಎರಗಿ ಮುಖವನ್ನೇ ಹರಿಯುತ್ತದೆ. ಇಲ್ಲಿ ಯಾರ ಬಳಿಯೂ ಕೋವಿ ಇಲ್ಲ. ಗುಂಪಾಗಿ, ಮಾತಾಡುತ್ತಾ, ಕೋಲು ಬಡಿಯುತ್ತಾ ಹೋಗುವುದೇ ಉಪಾಯ. ಎದುರಿಗೆ ದಿಢೀರನೆ ಸಿಕ್ಕಿದಾಗಲೇ ಅದು ಹಾಯುವುದು. ಅಲ್ಲಿನ ಕರಡಿಗೂ ಈ ಮಾತು ಅನ್ವಯಿಸುತ್ತದೆಯೇ?

ಆಂಕರೇಜ್‌ವಾಸಿ (ಆಂಕರೇಜ್)

ಖಂಡಿತ ಅನ್ವಯಿಸುತ್ತದೆ. ಕಂದು ಕರಡಿಯ ದಾಳಿಗಳಲ್ಲಿ ಹೆಚ್ಚಿನವು ಹಠಾತ್ತಾಗಿ ಹತ್ತಿರದಲ್ಲಿ ಎದುರಾದಾಗ, ಮರಿಗಳಿದ್ದಾಗ ಅಥವಾ ಅದು ತಿನ್ನುತ್ತಿರುವುದರ ಬಳಿ ಹೋದಾಗ ನಡೆಯುವಂಥವು. ಹೊಳೆಯ ಸದ್ದಿನಲ್ಲಿ ನಿಮ್ಮ ಹೆಜ್ಜೆ ಅದಕ್ಕೆ ಕೇಳುವುದಿಲ್ಲ. ಆಲ್ಡರ್ ಪೊದೆಗಳ ನಡುವಿನ ಕಾಲುದಾರಿಯಲ್ಲಿ ಗಟ್ಟಿಯಾಗಿ ಮಾತಾಡಿಕೊಂಡು ಹೋಗಿ. ಕನ್ನಡದಲ್ಲೇ ಜಗಳವಾಡುತ್ತಾ ಹೋದರೂ ಆದೀತು.

ತುಂಗಾತೀರ (ಸಿಯಾಟಲ್)

ಎಲ್ಲರಿಗೂ ಧನ್ಯವಾದಗಳು. ಬೇಟೆಯ ಪರವಾನಗಿಯ ಗೋಜಿಗೆ ನಾವು ಮೂವರೂ ಹೋಗುವುದಿಲ್ಲ, ಸ್ಪ್ರೇ ಒಯ್ಯುತ್ತೇವೆ. ಭಾವನವರಿಗೆ ಈ ಚರ್ಚೆಯನ್ನು ಓದಿಸಿದೆ. ಅವರು .44 ಬಿಟ್ಟು 10 ಎಂಎಂ ಕಡೆಗೆ ವಾಲಿದ್ದಾರೆ, ಶಾಟ್‌ಗನ್ನನ್ನೂ ಪೂರ್ತಿ ಕೈಬಿಟ್ಟಿಲ್ಲ. ಮೂರು ಪ್ರಶ್ನೆಗಳು ಉಳಿದಿವೆ. ಮೊದಲನೆಯದಾಗಿ, ಸೊಂಟದವರೆಗೆ ನೀರಿನಲ್ಲಿ ನಿಂತಾಗ ಕೋವಿಯನ್ನು ಎಲ್ಲಿ ಇಟ್ಟುಕೊಳ್ಳುವುದು? ಎರಡನೆಯದಾಗಿ, ರಾತ್ರಿ ಡೇರೆಯೊಳಗೆ ಸ್ಪ್ರೇ ಹೊಡೆದರೆ ನಮ್ಮ ಕಣ್ಣಿಗೇ ಬೀಳುವುದಿಲ್ಲವೇ? ಮೂರನೆಯದಾಗಿ, ಅನಿವಾರ್ಯವಾಗಿ ಕರಡಿಯನ್ನು ಕೊಂದರೆ ಮುಂದೇನು?

ಆಂಕರೇಜ್‌ವಾಸಿ (ಆಂಕರೇಜ್)

ಮೊದಲ ಎರಡಕ್ಕೆ ನಾನು ಉತ್ತರಿಸುತ್ತೇನೆ.

ಗಾಳ ಹಾಕುವವನಿಗೆ ಉದ್ದ ಕೋವಿ ಎಂದರೆ ದಡದ ಮರಕ್ಕೆ ಒರಗಿಸಿಟ್ಟ ಕೋವಿ. ಎರಡೂ ಕೈ ಗಾಳದ ಕೋಲಿನ ಮೇಲೆ, ಕಾಲು ಜಾರುವ ಕಲ್ಲಿನ ಮೇಲೆ, ಕೋವಿ ಹದಿನೈದು ಹೆಜ್ಜೆ ಆಚೆ. ಕರಡಿ ಬರುವುದೂ ದಡದ ಕಡೆಯಿಂದಲೇ, ಅಂದರೆ ನಿಮಗೂ ಕೋವಿಗೂ ನಡುವೆ. ಕೈಕೋವಿಗಳು ಉದ್ದ ಕೋವಿಗಳಿಗಿಂತ ಹೆಚ್ಚು ಸಲ ಕೆಲಸಕ್ಕೆ ಬಂದವೆಂಬ ಲೆಕ್ಕ ನನಗೆ ಆಶ್ಚರ್ಯ ತರಲಿಲ್ಲ. ಆದ್ದರಿಂದ ಹಗಲಿನ ಮೀನುಗಾರಿಕೆಗೆ ಭಾವನವರ 10 ಎಂಎಂ ಸರಿ, ಆದರೆ ಸೊಂಟಕ್ಕೆ ಬೇಡ. ಎದೆಯುದ್ದದ ವೇಡರ್ (ನೀರು ಒಳಬಿಡದ ಉಡುಪು) ಹಾಕಿದರೆ ಸೊಂಟದಲ್ಲಿ ಕೋವಿ ಸಿಕ್ಕಿಸುವ ಹೋಲ್‌ಸ್ಟರ್ ಒಳಗೆ ಹೂತುಹೋಗುತ್ತದೆ, ಇಲ್ಲವೇ ನೀರಿನಲ್ಲಿ ಮುಳುಗುತ್ತದೆ. ಪಟ್ಟಿಗಳಿಂದ ಎದೆಗೆ ಅಡ್ಡಲಾಗಿ ಕಟ್ಟುವ ಹೋಲ್‌ಸ್ಟರ್ ತೆಗೆದುಕೊಳ್ಳಿ.

ಅದನ್ನು ಕಟ್ಟಿದ ಮೇಲೆ ನಿಜವಾದ ತೊಡಕು ಬರುವುದು ಮಳೆಯಿಂದ. ಮಳೆ ಹನಿಯುತ್ತಿದ್ದಂತೆ ಎಲ್ಲರೂ ಮಳೆ ಅಂಗಿ ತೊಟ್ಟು ಜಿಪ್ಪನ್ನು ಗಂಟಲವರೆಗೆ ಎಳೆಯುತ್ತಾರೆ, ಕೋವಿ ಒಳಗೇ ಉಳಿಯುತ್ತದೆ. ಒದ್ದೆ ಕೈಯಲ್ಲಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಆ ಜಿಪ್ಪಿನ ತುದಿ ಹುಡುಕುವುದೇ ಒಂದು ಕೆಲಸ. ಹೋಲ್‌ಸ್ಟರ್ ಪಟ್ಟಿಗಳನ್ನು ಸಡಿಲಿಸಿ ಮಳೆ ಅಂಗಿಯ ಮೇಲೆಯೇ ಕಟ್ಟಿ. ಮೀನು ಎತ್ತುವ ಬಲೆಯ ಹಗ್ಗವನ್ನು ಅದೇ ಬದಿಗೆ ನೇತುಹಾಕಬೇಡಿ. ಕೋವಿಯ ಹಿಡಿಗೆ ಸುತ್ತಿಕೊಳ್ಳುತ್ತದೆ. ಮನೆಯಲ್ಲಿ ತೋಟೆ ತೆಗೆದು, ಎರಡೆರಡು ಸಲ ಪರೀಕ್ಷಿಸಿ, ವೇಡರ್ ಮತ್ತು ಅಂಗಿ ಎಲ್ಲ ತೊಟ್ಟು, ಗಾಳದ ಕೋಲನ್ನು ಕೈಬಿಟ್ಟು ಕೋವಿ ತೆಗೆಯುವುದನ್ನು ಅಭ್ಯಾಸ ಮಾಡಲಿ. ಅನೇಕರಿಗೆ ಕೋಲನ್ನು ಕೈಬಿಡುವುದೇ ಬರುವುದಿಲ್ಲ.

ಸ್ಪ್ರೇಗೂ ಇದೇ ಮಾತು. ಬೆನ್ನಿನ ಚೀಲದೊಳಗಿನ ಸ್ಪ್ರೇ ಇದ್ದೂ ಇಲ್ಲದಂತೆ. ಕೊಳ್ಳುವಾಗ ಕನಿಷ್ಠ 225 ಗ್ರಾಂ ಇರುವ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ (ಇಪಿಎ) ನೋಂದಣಿ ಸಂಖ್ಯೆ ಇರುವ, 25 ಅಡಿಗಿಂತ ಆಚೆ ತಲುಪುವ ಡಬ್ಬಿ ನೋಡಿ. ಅವಧಿಯ ದಿನಾಂಕವನ್ನೂ ನೋಡಿ. ಮೆಣಸಿಲ್ಲದ ಅಭ್ಯಾಸದ ಡಬ್ಬಿಗಳು ಸಿಗುತ್ತವೆ, ಒಂದನ್ನು ತಂದು ನಾಲ್ವರೂ ಒತ್ತಿ ನೋಡಿ. ಕರಡಿಯ ಮುಖಕ್ಕಲ್ಲ, ಅದರ ಮುಂದೆ ಸ್ವಲ್ಪ ಕೆಳಗೆ ಗುರಿಯಿಟ್ಟು, ಅದು ಆ ಮೋಡದೊಳಗೆ ನುಗ್ಗುವಂತೆ ಬಿಡಬೇಕು. ಸೊಳ್ಳೆ ಔಷಧಿಯಂತೆ ಡೇರೆಗೆ, ಚೀಲಕ್ಕೆ ಮೊದಲೇ ಸಿಂಪಡಿಸಿಕೊಳ್ಳುವವರಿದ್ದಾರೆ. ಅದು ಶುದ್ಧ ಅವಿವೇಕ. ನೆಲಕ್ಕೆ ಬಿದ್ದ ಸ್ಪ್ರೇಯ ವಾಸನೆಗೆ ಕರಡಿಗಳು ಬಂದು ಅದರಲ್ಲಿ ಹೊರಳಾಡಿದ್ದನ್ನು ಅಲಾಸ್ಕಾದಲ್ಲೇ ಸಂಶೋಧಕರು ಕಂಡಿದ್ದಾರೆ.

ಡೇರೆಯೊಳಗೆ ಸ್ಪ್ರೇ ಹೊಡೆದರೆ ನಿಮಗೂ ಬೀಳುತ್ತದೆ, ನಿಜ. ಕತ್ತಲಲ್ಲಿ ಡೇರೆಯ ಬಟ್ಟೆಯ ಮೂಲಕ ನಾಲ್ವರ ನಡುವೆ ಗುಂಡು ಹಾರಿಸುವುದಕ್ಕಿಂತ ಅದು ಮೇಲು. ಆದರೆ ಇವೆರಡಕ್ಕಿಂತಲೂ ಒಳ್ಳೆಯ ಪರಿಹಾರವಿದೆ, ಅದರ ಬಗ್ಗೆ ಯಾರೂ ಇದುವರೆಗೆ ಬರೆಯದಿರುವುದು ಸೋಜಿಗ. ಬ್ಯಾಟರಿಯಿಂದ ನಡೆಯುವ, ಹೊತ್ತೊಯ್ಯಬಹುದಾದ ವಿದ್ಯುತ್ ಬೇಲಿಯನ್ನು ಡೇರೆಯ ಸುತ್ತ ಕಟ್ಟಿ. ಕರಡಿ ಹೊಸದೇನನ್ನು ಕಂಡರೂ ಒದ್ದೆ ಮೂಗಿನಿಂದ ಮುಟ್ಟಿ ನೋಡುತ್ತದೆ. ತಂತಿ ಅದಕ್ಕೆ ಅಲ್ಲಿಯೇ ತಗಲುತ್ತದೆ. ಅದು ನಿಮ್ಮ ನಿದ್ದೆಯಲ್ಲೂ ಕೆಲಸ ಮಾಡುತ್ತದೆ, ಗುರಿ ಬೇಡ, ವೀಸಾ ಕೇಳುವುದಿಲ್ಲ. ಆಂಕರೇಜ್‌ನಲ್ಲಿ ಬಾಡಿಗೆಗೂ ಸಿಗುತ್ತದೆ. ಅಡುಗೆ ಮತ್ತು ಆಹಾರದ ಡಬ್ಬಿಗಳು ಡೇರೆಯಿಂದ ಕನಿಷ್ಠ 100 ಗಜ ದೂರ ಇರಲಿ. ಸಾಂಬಾರಿನ ಒಗ್ಗರಣೆ ಹಾಕಿದ ಬಟ್ಟೆಯಲ್ಲೇ ಮಲಗಬೇಡಿ.

ಕಾನೂನುಪ್ರಿಯ (ಡಲ್ಲಾಸ್)

ಮೂರನೆಯ ಪ್ರಶ್ನೆಗೆ. ಅಲಾಸ್ಕಾದಲ್ಲಿ ಪ್ರಾಣ ಅಥವಾ ಆಸ್ತಿಯ ರಕ್ಷಣೆಗೆ ಕರಡಿಯನ್ನು ಕೊಲ್ಲಲು ಅವಕಾಶವಿದೆ, ಆದರೆ ಷರತ್ತುಗಳು ಬಿಗಿಯಾಗಿವೆ. ನೀವೇ ಕೆಣಕಿರಬಾರದು, ಆಹಾರವನ್ನೋ ಕಸವನ್ನೋ ಅಜಾಗರೂಕತೆಯಿಂದ ಬಿಟ್ಟು ಅದನ್ನು ಬರಮಾಡಿಕೊಂಡಿರಬಾರದು, ಬೇರೆ ಉಪಾಯಗಳೆಲ್ಲ ಮುಗಿದಿರಬೇಕು. ಕೊಂದ ಮೇಲೆ ಚರ್ಮವನ್ನು ಉಗುರುಗಳ ಸಮೇತ ಸುಲಿದು, ತಲೆಬುರುಡೆಯೊಂದಿಗೆ ಮೀನು ಮತ್ತು ವನ್ಯಪ್ರಾಣಿ ಇಲಾಖೆಗೆ ಒಪ್ಪಿಸಬೇಕು. ಕೂಡಲೇ ತಿಳಿಸಿ, 15 ದಿನಗಳೊಳಗೆ ಲಿಖಿತ ವಿವರಣೆಯನ್ನೂ ಕೊಡಬೇಕು. ಕರಡಿ ಸರ್ಕಾರದ ಸ್ವತ್ತು, ನೀವು ಇಟ್ಟುಕೊಳ್ಳುವಂತಿಲ್ಲ. ಮುನ್ನೂರು, ನಾನೂರು ಕಿಲೋ ತೂಗುವ ಪ್ರಾಣಿಯ ಚರ್ಮ ಸುಲಿಯುವುದು ಏನೆಂದು ಒಮ್ಮೆ ಊಹಿಸಿಕೊಳ್ಳಿ, ಅದೂ ರಕ್ತದ ವಾಸನೆಗೆ ಇನ್ನೊಂದು ಬರಬಹುದಾದ ಜಾಗದಲ್ಲಿ. ಹಿಡಿದಿಟ್ಟ ಸಾಲ್ಮನ್ನನ್ನು ಕರಡಿ ಕಸಿದುಕೊಂಡರೆ ಅದು ಆಸ್ತಿಯ ರಕ್ಷಣೆ ಎನಿಸುವುದಿಲ್ಲ. ಅಂಥ ವಸ್ತುವಿಗೆ ಆ ರಕ್ಷಣೆ ಸಿಗಬೇಕಾದರೆ ಅದು ಜೀವನೋಪಾಯಕ್ಕೋ ಬದುಕುಳಿಯುವುದಕ್ಕೋ ಅನಿವಾರ್ಯವಾದ, ಗಣನೀಯ ಬೆಲೆಯ ಸ್ವತ್ತಾಗಿರಬೇಕು. ಪ್ರವಾಸಿಯ ಮೀನು ಅದರಲ್ಲಿ ಬರುವುದಿಲ್ಲ.

ರಾಷ್ಟ್ರೀಯ ಉದ್ಯಾನಗಳ ಬಗ್ಗೆಯೂ ಗೊಂದಲವಿದೆ. 2010ರ ಫೆಬ್ರುವರಿಯಿಂದ ಆಯಾ ರಾಜ್ಯದ ಕಾನೂನಿನಂತೆ ಉದ್ಯಾನಗಳೊಳಗೆ ಕೋವಿ ಒಯ್ಯಬಹುದು, ಆದರೆ ಬಹುತೇಕ ಉದ್ಯಾನಗಳಲ್ಲಿ ಅದನ್ನು ಹಾರಿಸುವುದು ನಿಷಿದ್ಧ. ಮುಂದೆಂದಾದರೂ ಯೆಲ್ಲೋಸ್ಟೋನ್‌ಗೆ ಹೋಗುವವರು ಇದನ್ನು ಗಮನಿಸಬೇಕು.

ಕಾಫಿಗಿಡ (ಕೊಲರಾಡೊ)

ಹಾಗಾದರೆ ನನ್ನ ಸಲಹೆ ಇಷ್ಟು. ಭಾವನವರು ಈಗಿನಿಂದ ಜುಲೈವರೆಗೆ ಗಟ್ಟಿ ಸೀಸದ ಗುಂಡಿನೊಂದಿಗೇ ಅಭ್ಯಾಸ ಮಾಡುವಷ್ಟು ತೋಟೆಗೂ ಸಮಯಕ್ಕೂ ಹಣ ಹೊಂದಿಸಬಲ್ಲರಾದರೆ 10 ಎಂಎಂ ಕೊಳ್ಳಲಿ. ಆ ಗುಂಡು ಅವರ ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳದೆ ಹಾರುತ್ತದೆಯೇ ಎಂಬುದನ್ನು ಇಲ್ಲೇ ನೋಡಿಕೊಳ್ಳಲಿ. ಆಗದಿದ್ದರೆ ಕೋವಿಯನ್ನು ಬಿಟ್ಟು, ಆ ದುಡ್ಡಿನಲ್ಲಿ ತಲೆಗೊಂದು ಸ್ಪ್ರೇ ಮತ್ತು ಒಂದು ಬೇಲಿ ಬಾಡಿಗೆಗೆ ತನ್ನಿ. ಶಾಟ್‌ಗನ್ ಬೇಡ, ಅದನ್ನು ಮುಟ್ಟಲು ಕಾನೂನು ಬಿಡುವುದು ನಾಲ್ವರಲ್ಲಿ ಒಬ್ಬರಿಗೆ ಮಾತ್ರ, ಆ ಒಬ್ಬರ ಎದೆಯ ಮೇಲೆ ಆಗಲೇ ಪಿಸ್ತೂಲು ಇರುತ್ತದೆ.

ಆಂಕರೇಜ್‌ವಾಸಿ (ಆಂಕರೇಜ್)

ಇದಕ್ಕೆ ನನ್ನ ಸಹಮತವಿದೆ. ಸಾಗಾಟದ ಬಗ್ಗೆ ಮಾತ್ರ ಎರಡು ಮಾತು. ಬೇರ್ ಸ್ಪ್ರೇಯನ್ನು ಪ್ರಯಾಣಿಕರ ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಕೆಳಗೆ ಹಾಕುವ ಪೆಟ್ಟಿಗೆಯಲ್ಲೂ ಒಯ್ಯುವಂತಿಲ್ಲ. ಇಲ್ಲಿಗೆ ಬಂದೇ ಕೊಳ್ಳಿ, ಹಿಂದಿರುಗುವಾಗ ಉಳಿದ ಡಬ್ಬಿಗಳನ್ನು ಇಲ್ಲಿ ಯಾರಿಗಾದರೂ ಕೊಟ್ಟು ಹೋಗಿ. ಪಿಸ್ತೂಲನ್ನು ತೋಟೆ ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಘೋಷಿಸಿ ಸಾಮಾನಿನೊಂದಿಗೆ ಕಳುಹಿಸಬೇಕು. ಸರೋವರಕ್ಕೆ ಹೋಗುವ ಪುಟ್ಟ ವಿಮಾನದ ಪೈಲಟ್‌ಗೆ ಸ್ಪ್ರೇ ಇದೆ ಎಂದು ಹತ್ತುವ ಮೊದಲೇ ಹೇಳಿ. ಆತ ಅದನ್ನು ಒಳಗೆ ಬಿಡುವುದಿಲ್ಲ, ಕೆಳಗಿನ ತೇಲುಕಾಲಿನ ಪೆಟ್ಟಿಗೆಯಲ್ಲಿ ಇಡುತ್ತಾನೆ ಅಥವಾ ಹೊರಗೆ ಕಟ್ಟುತ್ತಾನೆ. ಹಾರುವಾಗ ಕ್ಯಾಬಿನ್ನಿನೊಳಗೆ ಡಬ್ಬಿ ಒಡೆದರೆ ಕಣ್ಣು ಬಿಡಲಾಗದೆ ಉಳಿಯುವವರಲ್ಲಿ ಅವನೂ ಒಬ್ಬ. ಸರೋವರದಲ್ಲಿ ಇಳಿದ ಕೂಡಲೇ ಆ ಡಬ್ಬಿಗಳನ್ನು ಕೇಳಿ ಇಳಿಸಿಕೊಳ್ಳಿ. ಸಾಮಾನು ಇಳಿಸುವ ಗಡಿಬಿಡಿಯಲ್ಲಿ ಅವು ತೇಲುಕಾಲಿನಲ್ಲೇ ಉಳಿದು ವಿಮಾನದೊಂದಿಗೆ ಹಾರಿಹೋಗುವುದು ಇಲ್ಲಿ ಹೊಸತೇನಲ್ಲ.